ರಾಕೆಟ್ ಪ್ಯಾರಾಚೂಟಿಗೆ ಉರಿತಡೆ: ಟಿಶ್ಯೂ, ಬಿಳಿಗಾರದ ಹತ್ತಿ, ನೋಮೆಕ್ಸ್

ಹವ್ಯಾಸಕ್ಕೆ ಹಾರಿಸುವ ಪುಟ್ಟ ರಾಕೆಟ್ಟಿನ, ಕರಿಮದ್ದು ತುಂಬಿದ ಸಿದ್ಧ ಮೋಟಾರಿನೊಳಗೆ ಉರಿ ಸುಮಾರು 2000 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಪಾಲಿಥೀನ್ ಪ್ಯಾರಾಚೂಟ್ ಕರಗಲು 110 ಡಿಗ್ರಿ ಸಾಕು. ಆದರೂ ಎರಡರ ನಡುವೆ ತಡೆಯಾಗಿ ಇಟ್ಟ ಒಂದು ಹಿಡಿ ಹತ್ತಿ ಅದನ್ನು ಉಳಿಸುತ್ತದೆ, ಯಾಕೆಂದರೆ ಪ್ಯಾರಾಚೂಟನ್ನು ಹೊರದೂಡುವ ಮೋಟಾರಿನ ಸಿಡಿತ ಕ್ಷಣಮಾತ್ರದ್ದು. ತಡೆ ಎಷ್ಟು ಡಿಗ್ರಿ ತಾಳುತ್ತದೆ ಎಂಬುದಕ್ಕಿಂತ, ಹೊರಬಿದ್ದ ಮೇಲೆ ಕೆಂಡವಾಗಿ ಉಳಿಯುತ್ತದೆಯೇ ಎಂಬುದನ್ನೇ ನೋಡಬೇಕು. ಉಡುಪಿ ಕಡೆ ಹಾರಿಸಲು ಅನುಕೂಲ ಎಣೆಲು, ಅಂದರೆ ಮಳೆಗಾಲದ ಭತ್ತ, ಕೊಯ್ದ ಬೈಲುಗದ್ದೆ. ಅಲ್ಲಿ ಒಣಕೂಳೆಗೆ ಒಂದು ಕಿಡಿ ಬಿದ್ದರೆ ಮುಗಿಯಿತು.

ಬರೀ ಟಿಶ್ಯೂ ಬೇಡವೇ ಬೇಡ. ಪ್ಯಾರಾಚೂಟ್ ಉಳಿದರೂ ಕಾಗದ ಹೊತ್ತಿಕೊಂಡೇ ಕೆಳಗಿಳಿಯುತ್ತದೆ.

ಮೆಡಿಕಲ್ ಶಾಪಿನ ಹತ್ತಿ ಅಗ್ಗ, ಆದರೆ ಹದ ಮಾಡಬೇಕು. ಒಂದು ಲೀಟರ್ ಬಿಸಿನೀರಿಗೆ 70 ಗ್ರಾಂ ಬಿಳಿಗಾರ, ಅಂದರೆ ಬೊರಾಕ್ಸ್, ಮತ್ತು ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪುಡಿ 30 ಗ್ರಾಂ. ಬೊರಾಕ್ಸ್ ಒಂದೇ ಹಾಕಿದರೆ ಜ್ವಾಲೆ ನಿಲ್ಲುತ್ತದೆ, ಒಳಗಿನ ಕೆಂಡ ಆರುವುದಿಲ್ಲ. ಕೆಂಡ ಆರಿಸುವುದು ಬೋರಿಕ್. ಅದ್ದಿ, ಹಿಂಡಿ, ಪೂರ್ತಿ ಒಣಗಿಸಿ. ಎರಡೂ ಹೊಟ್ಟೆಗೆ ಹೋದರೆ ವಿಷ, ಅಡುಗೆ ಪಾತ್ರೆ ಬಳಸಬೇಡಿ. ಅಂಗಳದಲ್ಲಿ ಚಿಕ್ಕ ತುಂಡಿಗೆ ಕಡ್ಡಿ ಗೀರಿ ಹಿಡಿದು ನೋಡಿ: ಕಡ್ಡಿ ತೆಗೆದೊಡನೆ ಕೆಂಪು ಮಿನುಗೂ ಉಳಿಯಬಾರದು. 24 ಮಿ.ಮೀ. ವ್ಯಾಸದ ರಾಕೆಟ್ ಕೊಳವೆಗೆ ಈ ಹತ್ತಿ 4–5 ಸೆಂ.ಮೀ. ಉದ್ದ, ಸಡಿಲವಾಗಿ ತುಂಬಿ. ಗಿಡಿದರೆ ರಾಕೆಟ್ಟಿನ ಮೂತಿ ಕಳಚುವುದಿಲ್ಲ, ಅಂಚಿನಲ್ಲಿ ಸಂದು ಬಿಟ್ಟರೆ ಬಿಸಿಗಾಳಿ ನುಗ್ಗಿ ಪ್ಯಾರಾಚೂಟಿನ ಮಡಿಕೆಗಳು ಅಂಟಿಕೊಳ್ಳುತ್ತವೆ. ಮಳೆಗಾಲದಲ್ಲಿ ಜಿಪ್ ಕವರಿನಲ್ಲಿಡಿ. ಒದ್ದೆ ಹತ್ತಿ ಮುದ್ದೆಯಾಗುತ್ತದೆ.

ನೋಮೆಕ್ಸ್ ಎಂಬ ಉರಿ ತಾಳುವ ನಾರಿನ ಬಟ್ಟೆ ಕರಗುವುದಿಲ್ಲ, ಗದ್ದೆಗೆ ಕಸವೂ ಬೀಳುವುದಿಲ್ಲ, ಮತ್ತೆ ಮತ್ತೆ ಬಳಸಬಹುದು. ದುಬಾರಿ, ಆನ್‌ಲೈನಿನಲ್ಲೇ ತರಿಸಬೇಕು. 24 ಮಿ.ಮೀ. ಕೊಳವೆಯಲ್ಲಿ ಮಡಚಿದ ಬಟ್ಟೆಯೇ ಜಾಗ ತಿನ್ನುತ್ತದೆ, 40 ಮಿ.ಮೀ. ದಾಟಿದರೆ ಇದಕ್ಕೇ ನಮ್ಮ ಓಟು. ಹಾರಿಸಿದ ದಿನವೇ ತೊಳೆಯಿರಿ. ಮದ್ದಿನ ಮಸಿ ಕರಾವಳಿಯ ತೇವ ಹೀರಿ ಜಿಗುಟಾಗುತ್ತದೆ. ಬಟ್ಟೆಯನ್ನು ಕಟ್ಟುವ ದಾರ ಬಿಸಿ ತಾಳುವ ಕೆವ್ಲಾರ್ ನಾರಿನದ್ದಾಗಿರಲಿ; ಮೀನಿನ ಬಲೆಯ ನೈಲಾನ್ ಬಲವಾದದ್ದೇ, ಆದರೆ 220 ಡಿಗ್ರಿ ಸುಮಾರಿಗೆ ಕರಗುತ್ತದೆ.

ಮೋಟಾರ್ ಕೂರಿಸುವ ಕೊಳವೆಗೆ ಮಾತ್ರ ಬಿಸಿ ಕ್ಷಣಮಾತ್ರದ್ದು ಎಂಬ ಈ ಲೆಕ್ಕ ಹೊಂದುವುದಿಲ್ಲ. ಮೋಟಾರಿನ ಹೊರಮೈ ಅತಿ ಬಿಸಿಯಾಗುವುದು ಉರಿ ಮುಗಿದ ಮೇಲೆ, ಅದೂ ನಿಧಾನಕ್ಕೆ. 60 ಡಿಗ್ರಿಗೇ ಮೆತ್ತಗಾಗುವ ಪಿಎಲ್‌ಎ ಪ್ಲಾಸ್ಟಿಕ್ಕಿನ 3ಡಿ ಪ್ರಿಂಟ್ ಅಲ್ಲಿ ಸೊಟ್ಟಗಾಗುತ್ತದೆ, ರಟ್ಟಿನ ಕೊಳವೆ ಹಾಗೆಯೇ ಇರುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರಂತೂ ಆ ಪ್ರಿಂಟಿಗೆ ಮೋಟಾರಿನ ಬಿಸಿಯೂ ಬೇಕಿಲ್ಲ.