ಕುದುರೆಗೆ ನೊಣದ ಸ್ಪ್ರೇ ಮೊದಲಾ, ಗೊರಸಿನ ಬಯೋಟಿನ್ ಮೊದಲಾ?

ಎರಡಕ್ಕೂ ಒಟ್ಟಿಗೆ ದುಡ್ಡಿಲ್ಲ ಅಂದ್ರೆ ಮೊದಲು ನೊಣ ನೋಡಿಕೊಳ್ಳಿ. ಲಾಯದ ಕಚ್ಚುವ ನೊಣ ಕೂರುವುದು ಹೆಚ್ಚಾಗಿ ಕಾಲಿಗೆ. ಕುದುರೆ ದಿನವಿಡೀ ಗಟ್ಟಿ ನೆಲಕ್ಕೆ ಕಾಲು ಅಪ್ಪಳಿಸುತ್ತಾ ನಿಂತರೆ ಗೊರಸಿನ ಅಂಚು ಸೀಳಿ, ಲಾಳದ ಮೊಳೆ ಸಡಿಲವಾಗಿ, ಗೊರಸು ಗಟ್ಟಿಯಾಗಲಿ ಅಂತ ನೀವು ತಿನ್ನಿಸಿದ ಬಯೋಟಿನ್ (ಒಂದು ಬಿ ವಿಟಮಿನ್) ಎಲ್ಲಾ ವ್ಯರ್ಥ ಅಲ್ವಾ?

ಪರ್ಮೆತ್ರಿನ್ ಅನ್ನೋ ಕೀಟನಾಶಕದ ಸ್ಪ್ರೇ ಹೊಡೆದ ದಿನವೇ ಕೆಲಸ ಮಾಡುತ್ತದೆ. ಆದರೆ ಬೆವರಿಗೆ, ಮಳೆಗೆ ತೊಳೆದು ಹೋಗುತ್ತದೆ. ಲಾಯದಲ್ಲಿ ಬೆಕ್ಕು ಇದ್ದರೆ ಹುಷಾರು, ಅದಕ್ಕೆ ಇದು ವಿಷ. ಲದ್ದಿ ದಿನಾ ಎತ್ತುವುದು, ಗಂಜಲಕ್ಕೆ ನೆನೆದ ಹುಲ್ಲು ತೆಗೆಯುವುದು ಬೇಜಾರಿನ ಕೆಲಸ, ಖರ್ಚು ಮಾತ್ರ ಕಮ್ಮಿ. ಈ ನೊಣ ಮೊಟ್ಟೆ ಇಡುವುದೇ ಅಲ್ಲಿ, ಬೆಚ್ಚಗಿದ್ದರೆ ಎರಡು ಮೂರು ವಾರದಲ್ಲಿ ಹೊಸ ದಂಡು ರೆಡಿ. ನನ್ನ ಓಟು ಸಲಿಕೆಗೆ. ಕಣ್ಣಿಗೆ ಮುತ್ತುವ ನೊಣಕ್ಕೆ ಮಾತ್ರ ಬಲೆಯ ಮುಖವಾಡ ಬೇಕೇ ಬೇಕು.

ಗೊರಸಿನ ವಿಷಯಕ್ಕೆ ಬಂದರೆ, ಎಣ್ಣೆ ಮತ್ತು ಬಯೋಟಿನ್ ನಡುವೆ ಬಯೋಟಿನ್ನೇ ಸರಿ. ಎಣ್ಣೆ ಹಚ್ಚಿದರೆ ಹೊಳಪು ಬರುತ್ತದೆ, ಬಲ ಬರುವುದಿಲ್ಲ. ದಿನಕ್ಕೆ ಸುಮಾರು 20 ಮಿಲಿಗ್ರಾಂ ಬಯೋಟಿನ್ ಕೊಡಬಹುದು, ಆದರೆ ಗೊರಸು ಬೆಳೆಯುವುದು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಅಷ್ಟೇ. ಮೇಲಿನಿಂದ ತುದಿಗೆ ಹೊಸ ಗೊರಸು ಇಳಿಯಲು ಹತ್ತಿರ ಹತ್ತಿರ ಒಂದು ವರ್ಷ. ಎರಡು ತಿಂಗಳು ಕೊಟ್ಟು ನಿಲ್ಲಿಸುವುದಾದರೆ ಸುಮ್ನೆ ಕೊಳ್ಳಬೇಡಿ, ಆ ದುಡ್ಡಲ್ಲಿ 6–8 ವಾರಕ್ಕೊಮ್ಮೆ ಗೊರಸು ಕತ್ತರಿಸುವವರನ್ನು ಕರೆಸಿ. ಬರೀ ಬೂಸಾ ಹಾಕುತ್ತಿದ್ದರೆ ಅದನ್ನೂ ಕಮ್ಮಿ ಮಾಡಿ, ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ.