ಏಜೆನ್ಸಿ ಹುಡುಗಿಯೋ, ಪಕ್ಕದ ಬೀದಿಯಾಕೆಯೋ: ಅತ್ತೆಯ ಆರೈಕೆಯ ಎಂಟು ತಿಂಗಳು

ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿದಾಗ ನಮ್ಮತ್ತೆಗೆ 82. ಆಪರೇಷನ್ ಮುಗಿಸಿ ಮೈಸೂರಿನ ಮನೆಗೆ ಕರೆತಂದ ಮೇಲೆ ಎಂಟು ತಿಂಗಳಲ್ಲಿ ಮೂರು ಥರದ ವ್ಯವಸ್ಥೆ ಮಾಡಿ ನೋಡಿದೆವು.

ಮೊದಲು ಏಜೆನ್ಸಿ. ಹಗಲು ರಾತ್ರಿ ಮನೆಯಲ್ಲೇ ಇರುವ ಕೇರ್‌ಟೇಕರ್‌ಗೆ ತಿಂಗಳಿಗೆ 27 ಸಾವಿರ, ಊಟ ನಮ್ಮದೇ, ಜೊತೆಗೆ ವಾಪಸ್ ಬಾರದ ನೋಂದಣಿ ಶುಲ್ಕ. ಬಂದವಳು ರಾಯಚೂರು ಕಡೆಯ ಹುಡುಗಿ, ಬಲು ಚುರುಕು. ಅದುವರೆಗೆ ನಾವು ಕಂಕುಳಿಗೆ ಕೈ ಹಾಕಿ ಅತ್ತೆಯನ್ನು ಮೇಲಕ್ಕೆ ಎಳೆಯುತ್ತಿದ್ದೆವು. ಅವರು ಕಿರುಚುತ್ತಿದ್ದರು, ಸೊಂಟದ ಕೆಳಗೆ ಚರ್ಮ ಉಜ್ಜಿ ಕೆಂಪಾಗಿತ್ತು. ಈ ಹುಡುಗಿ ಹಳೇ ಕಾಟನ್ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಅತ್ತೆಯ ಮೈಕೆಳಗೆ ಬೆನ್ನಿನಿಂದ ತೊಡೆಯವರೆಗೆ ಅಡ್ಡಲಾಗಿ ಹಾಸಿದಳು. ಆ ಕಡೆ ಒಬ್ಬರು, ಈ ಕಡೆ ಒಬ್ಬರು ಬಟ್ಟೆಯಂಚು ಸುತ್ತಿ ಹಿಡಿದು ಎತ್ತಿದರೆ ಅತ್ತೆ ಹೂವಿನಂತೆ ಸರಿದರು. ಮಗ್ಗುಲು ಹೊರಳಿಸುವಾಗ ಮೊಣಕಾಲುಗಳ ನಡುವೆ ದಿಂಬು, ಎರಡು ಗಂಟೆಗೊಮ್ಮೆ ಬದಲಾವಣೆ. ಮೊದಲ ತಿಂಗಳ ದುಡ್ಡು ಅಷ್ಟಕ್ಕೇ ಸಂದಿತು ಅಂತ ನನ್ನ ಲೆಕ್ಕ.

ಐದನೇ ವಾರ ಅವಳು ಹಬ್ಬಕ್ಕೆ ಊರಿಗೆ ಹೋದವಳು ಬರಲಿಲ್ಲ. ಆಮೇಲೆ ಒಬ್ಬರಾದ ಮೇಲೊಬ್ಬರಂತೆ ಮೂವರು ಬಂದರು. ಯಾವ ಮಾತ್ರೆ ಯಾವಾಗ, ಯಾವ ಕಿವಿಗೆ ಮಾತಾಡಬೇಕು, ಪ್ರತಿಯೊಬ್ಬರಿಗೂ ಹೊಸದಾಗಿ ಹೇಳಬೇಕು. ಮಗ್ಗುಲು ಬದಲಿಸಿದ್ದನ್ನು ಬರೆಯಲು ಒಂದು ನೋಟ್‌ಬುಕ್ ಇಟ್ಟಿದ್ದೆ. ಒಂದು ರಾತ್ರಿ ಹತ್ತಕ್ಕೆ ತೆರೆದರೆ ‘ರಾತ್ರಿ 2 ಗಂಟೆ ಎಡ, 4 ಗಂಟೆ ಬಲ’ ಎಂದು ಆಗಲೇ ಬರೆದಾಗಿದೆ! ಏಜೆನ್ಸಿಗೆ ಫೋನ್ ಮಾಡಿದೆ. ‘ರಿಪ್ಲೇಸ್‌ಮೆಂಟ್ ಕಳಿಸ್ತೀವಿ ಮೇಡಂ’ ಅಂದರು. ಎಲ್ಲ ರೋಗಕ್ಕೂ ಅವರ ಹತ್ತಿರ ಅದೊಂದೇ ಮದ್ದು. ಇನ್ನೊಂದು: ಕೇರ್‌ಟೇಕರ್ ಅಂದರೆ ನರ್ಸ್ ಅಲ್ಲ. ಇಂಜೆಕ್ಷನ್ನಿಗೆ, ಡ್ರೆಸ್ಸಿಂಗಿಗೆ ಬೇರೆ ನರ್ಸ್ ಕರೆಸಿ ಬೇರೆ ದುಡ್ಡು ಕೊಟ್ಟೆವು.

ನಾದಿನಿ ಮತ್ತು ನಾನು ಹದಿನೈದು ದಿನದಂತೆ ಸರದಿ ಹಾಕಿಕೊಂಡಿದ್ದು ಆಮೇಲೆ. ದುಡ್ಡು ಉಳಿಯಿತು, ಮಾತು ನಿಂತಿತು. ಪಟ್ಟಿಯಲ್ಲಿ ಗಂಡಸರ ಹೆಸರೇ ಇರಲಿಲ್ಲ ಅನ್ನುವುದು ಯಾಕೋ ತಡವಾಗಿ ಹೊಳೆಯಿತು.

ಕೊನೆಗೆ ಪಕ್ಕದ ಬೀದಿಯಾಕೆ. ಬೆಳಿಗ್ಗೆ 9ರಿಂದ ಸಂಜೆ 6, ತಿಂಗಳಿಗೆ 14 ಸಾವಿರ. ಬಿಪಿ ಮಷಿನ್ ಮುಟ್ಟಲೂ ಹೆದರುತ್ತಿದ್ದಳು. ಬೆಡ್‌ಶೀಟ್ ವಿದ್ಯೆಯನ್ನು ನಾನೇ ಕಲಿಸಿದೆ. ಆದರೆ ಅತ್ತೆಯ ಮುಂದೆ ಮೊರದಲ್ಲಿ ಅವರೆಕಾಯಿ ಸುರಿದು ‘ಅಮ್ಮಾವ್ರೇ, ಒಂಚೂರು ಸುಲ್ಕೊಡಿ’ ಅಂದಳು ನೋಡಿ, ಫಿಸಿಯೋಥೆರಪಿಯವರು ಬಂದಾಗ ಹತ್ತು ನಿಮಿಷ ಕೂರಲು ಗೋಳಾಡುತ್ತಿದ್ದವರು ಅರ್ಧ ಗಂಟೆ ನೆಟ್ಟಗೆ ಕೂತರು. ಕುಂದಿಲ್ಲವೆಂದಲ್ಲ. ಅತ್ತೆ ಮುಖ ಸಿಂಡರಿಸಿದರೆ ಸಾಕು, ‘ಪಾಪ, ನಾಳೆ ನಡೀಲಿ ಬಿಡಿ ಅಕ್ಕಾ’ ಅನ್ನುತ್ತಾಳೆ. ಒಮ್ಮೆ ಆಫೀಸಿನಿಂದ ಬಂದಾಗ ವಾಕರ್ ಮೇಲೆ ಟವೆಲ್ ಒಣಗುತ್ತಿತ್ತು. ಆಕೆಯ ಮೊಮ್ಮಗನಿಗೆ ಜ್ವರ ಬಂದರೆ ರಜೆ ಹಾಕಬೇಕಾದವಳು ನಾನು.

ಆಸ್ಪತ್ರೆಯಿಂದ ಬಂದ ಮೊದಲ ಒಂದು, ಒಂದೂವರೆ ತಿಂಗಳಿಗೆ ಏಜೆನ್ಸಿಯೇ ಸರಿ, ಪಕ್ಕದಲ್ಲಿ ನಿಂತು ನೋಡಿ ಕಲಿಯುವುದಾದರೆ. ಆಮೇಲಕ್ಕೆ ದಿನವೂ ಅದೇ ಮುಖ ಬೇಕು. ಏಜೆನ್ಸಿ ಹುಡುಗಿ ಒಳ್ಳೆಯವಳು, ಅವಳನ್ನೇ ನೇರವಾಗಿ ಇಟ್ಟುಕೊಳ್ಳೋಣ ಅಂತಿದ್ದರೆ ಮೊದಲು ಒಪ್ಪಂದ ಓದಿ; ನಮ್ಮದರಲ್ಲಿ ಅದಕ್ಕೆ ದಂಡವಿತ್ತು.

ಈಗ ರಾತ್ರಿ ಎರಡಕ್ಕೆ ಕಮೋಡ್ ಚೇರ್ ಮೇಲೆ ಕೂರಿಸುವ ಕೆಲಸ ನನ್ನ ಗಂಡನದು. ನೋಟ್‌ಬುಕ್ ಇನ್ನೂ ಇದೆ, ಬರೆಯುವುದು ಮಾತ್ರ ಬೆಳಿಗ್ಗೆ ಎದ್ದ ಮೇಲೆ.