ಸೇಝಾನ್ ಬಿಯರ್ ಕಿಟ್ ತಂದಿದ್ದೀರಾ? ಬಾಟಲಿ ತುಂಬೋ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿದ್ದು ಗ್ಯಾರೇಜಿನಲ್ಲಿ ಬಿಯರ್ ಮಾಡುವ ಕನ್ನಡದ ಗೆಳೆಯರಿಗೆ ಒಂದು ಮಾತು. ಸೇಝಾನ್ ಮಾಡುವ ಯೋಚನೆ ಇದ್ದರೆ, ಕಿಟ್ ಜೊತೆ ಬರುವ ಕಾಗದ ನಂಬಿಕೊಂಡು ಬಾಟಲಿ ತುಂಬಬೇಡಿ. ಸಿಡಿಯುತ್ತವೆ. ಸುಮ್ನೆ ಹೆದರಿಸುತ್ತಿಲ್ಲ, ನಮ್ಮ ಮನೆಯಲ್ಲೇ ಸಿಡಿದಿವೆ.

ಸೇಝಾನ್ ಅಂದ್ರೆ ಬೆಲ್ಜಿಯಂನ ದಕ್ಷಿಣ ಭಾಗದ, ಫ್ರೆಂಚ್ ಮಾತಾಡುವ ಸೀಮೆಯ ಹಳ್ಳಿ ಬಿಯರ್. ಚಳಿಗಾಲದಲ್ಲಿ ಮಾಡಿಟ್ಟು, ಬೇಸಿಗೆಯಲ್ಲಿ ಹೊಲದ ಆಳುಗಳಿಗೆ ಕೊಡುತ್ತಿದ್ದರು ಅಂತ ಹೇಳುತ್ತಾರೆ. ಅಲ್ಲಿನ ಡ್ಯೂಪಾಂಟ್ ಬ್ರೂವರಿಯ 6.5% ಆಲ್ಕೋಹಾಲ್ ಇರುವ ಸೇಝಾನ್ ಈಗ ಎಲ್ಲರಿಗೂ ಮಾದರಿ. ಸಿಹಿ ಇಲ್ಲವೇ ಇಲ್ಲ ಅನ್ನಬಹುದು, ಸ್ವಲ್ಪ ಕಾಳುಮೆಣಸಿನ ಘಾಟು, ನೊರೆ ಜಾಸ್ತಿ. ಬೇರೆ ಬಿಯರ್‌ಗಳು ಕೆಟ್ಟುಹೋಗುವಷ್ಟು ಸೆಕೆಯಲ್ಲೂ, 25-30 ಡಿಗ್ರಿಯಲ್ಲೂ, ಚೆನ್ನಾಗಿಯೇ ಹುದುಗುತ್ತದೆ. ಡಲ್ಲಾಸ್ ಬೇಸಿಗೆಗೆ ಹೇಳಿ ಮಾಡಿಸಿದ್ದು ಅಂತ ಅಂಗಡಿಯವರು ಕೊಟ್ಟರು. ಆ ಮಾತೇನೋ ನಿಜ.

ಕಿಟ್‌ನಲ್ಲಿದ್ದ ಕಾಗದದಲ್ಲಿ "14 ದಿನ ಆದಮೇಲೆ ಬಾಟಲಿಗೆ ತುಂಬಿ" ಅಂತಿತ್ತು. ಬೇರೆ ಯಾವುದೋ ಬಿಯರ್‌ನ ಕಾಗದವನ್ನೇ ಹೆಸರು ಬದಲಿಸಿ ಹಾಕಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಒಂದು ಕಡೆ ಪೇಲ್ ಏಲ್ ಅನ್ನೋ ಹೆಸರು ಹಾಗೇ ಉಳಿದುಬಿಟ್ಟಿತ್ತು! ಗ್ಯಾಸ್ ಹೊರಗೆ ಬಿಡುವ ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿತ್ತು. ಬಿಯರ್‌ನ ಸಾಂದ್ರತೆ ನೋಡಿ ಎಷ್ಟು ಸಕ್ಕರೆ ಉಳಿದಿದೆ ಅಂತ ತಿಳಿಸುವ ಹೈಡ್ರೋಮೀಟರ್ 1.012 ತೋರಿಸಿತು (ಬರೀ ನೀರಾದರೆ 1.000), ಎರಡು ದಿನ ಬಿಟ್ಟು ನೋಡಿದರೂ ಅದೇ. ಅಳತೆ ಇಳಿಯದಿದ್ದರೆ ಹುದುಗೋದು ಮುಗಿದಿದೆ, ಎಲ್ಲರೂ ಹೇಳುವ ನಿಯಮ ಇದೇ ಅಲ್ವಾ? ಸಕ್ಕರೆ ಸೇರಿಸಿ, ತುಂಬಿ, ಕ್ಯಾಪ್ ಒತ್ತಿ ಗ್ಯಾರೇಜಿನಲ್ಲಿ ಜೋಡಿಸಿಟ್ಟೆ.

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಢಬ್ ಅಂತ ಸದ್ದು. ಹಿಂದೆಯೇ ಇನ್ನೊಂದು. ಹೋಗಿ ನೋಡಿದರೆ ಒಂದು ಬಾಟಲಿಯ ಕತ್ತು ಮಾತ್ರ ನೆಲದ ಮೇಲಿತ್ತು, ಕ್ಯಾಪ್ ಭದ್ರವಾಗಿ ಕೂತಿತ್ತು. ಕ್ಯಾಪ್ ಬಿಡಲಿಲ್ಲ, ಗಾಜು ಬಿಟ್ಟಿತು. ಮಗಳ ಸೈಕಲ್ ಸೀಟಿನಲ್ಲಿ ಬೆರಳುದ್ದದ ಕಂದು ಚೂರು ನೆಟ್ಟುಕೊಂಡಿತ್ತು. ಅವಳು ಆಗ ಮನೆಯೊಳಗೆ ಇದ್ದಳು, ಪುಣ್ಯ.

ಅಂಗಡಿಗೆ ಫೋನ್ ಮಾಡಿದರೆ "ಬಾಟಲಿ ಹಳೇದಿರಬೇಕು" ಅಂದರು. ಹಳೇದಲ್ಲ. ತಪ್ಪಿರೋದು ಯೀಸ್ಟ್‌ಗೂ ಆ ಕಾಗದಕ್ಕೂ ಹೊಂದಿಕೆ ಇಲ್ಲದ್ದರಲ್ಲಿ. ಸೇಝಾನ್‌ಗೆ ಬಳಸುವ ಬಹಳಷ್ಟು ಯೀಸ್ಟ್‌ಗಳು ಡಯಾಸ್ಟಾಟಿಕಸ್ ಅನ್ನೋ ಜಾತಿಯವು. ಮಾಮೂಲಿ ಬಿಯರ್ ಯೀಸ್ಟ್ ಮಾಲ್ಟ್‌ನ ಸಣ್ಣ ಸಕ್ಕರೆಗಳನ್ನು ತಿಂದು, ಡೆಕ್ಸ್‌ಟ್ರಿನ್ ಅನ್ನೋ ದೊಡ್ಡ ಸಕ್ಕರೆಗಳನ್ನು ಹಾಗೇ ಬಿಡುತ್ತದೆ. ಇದು ಹಾಗಲ್ಲ, ಬಾಳೆಲೆ ತುದಿಯ ಉಪ್ಪನ್ನೂ ಬಿಡದೆ ಏಳುವ ನೆಂಟ. ತಾನೇ ಒಂದು ಕಿಣ್ವ ಬಿಟ್ಟು ಡೆಕ್ಸ್‌ಟ್ರಿನ್ ತುಂಡರಿಸಿ ತಿನ್ನುತ್ತದೆ, ತಿಂದಷ್ಟೂ ಗ್ಯಾಸ್ ಬಿಡುತ್ತದೆ. ಆದರೆ ಬಹಳ ನಿಧಾನ. ಅದಕ್ಕೇ ಎರಡು ದಿನದಲ್ಲಿ ಹೈಡ್ರೋಮೀಟರ್ ಅಲುಗುವುದಿಲ್ಲ, ಮುಗಿದಿದೆ ಅನ್ನಿಸುತ್ತದೆ.

ಲೆಕ್ಕ ನೋಡಿ. ನೊರೆಗೆ ಅಂತ ನಾವು ಹಾಕುವ ಸಕ್ಕರೆ 19 ಲೀಟರಿಗೆ ಸುಮಾರು 120 ಗ್ರಾಂ. ಉಳಿದ ಬಾಟಲಿಯೊಂದರ ಬಿಯರ್‌ನ ಗ್ಯಾಸ್ ಬಿಡಿಸಿ ಅಳೆದಾಗ 1.003 ಬಂತು. 1.012ರಿಂದ ಅಲ್ಲಿಗೆ ಇಳಿಯಬೇಕಾದರೆ ಲೀಟರಿಗೆ ಸುಮಾರು 19 ಗ್ರಾಂ ಸಕ್ಕರೆ ಬಾಟಲಿಯೊಳಗೇ ಹುದುಗಿ ಗ್ಯಾಸ್ ಆಗಬೇಕು. ಅಂದರೆ ಹಾಕಿದ್ದರ ಮೂರು ಪಟ್ಟು, ಹಾಕಿದ್ದೂ ಸೇರಿದರೆ ನಾಲ್ಕು ಪಟ್ಟು. ಮಾಮೂಲಿ ಬಿಯರ್ ಬಾಟಲಿ ಇದನ್ನು ತಡೆಯುತ್ತಾ?

ಆದ್ದರಿಂದ ಯೀಸ್ಟ್ ಪೊಟ್ಟಣದ ಮೇಲೆ ಡಯಾಸ್ಟಾಟಿಕಸ್ ಅಂತಿದೆಯಾ ನೋಡಿ. ಇಲ್ಲದಿದ್ದರೆ ತಯಾರಕರ ವೆಬ್‌ಸೈಟಿನಲ್ಲಿ ಹುಡುಕಿ. ಇದ್ದರೆ ದಿನ ಎಣಿಸಬೇಡಿ. 1.004ರ ಹತ್ತಿರಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯಲಿ, ವಾರ ಬಿಟ್ಟು ಮತ್ತೆ ನೋಡಿದರೂ ಅಷ್ಟೇ ಇರಲಿ. ತುಂಬೋದು ಶಾಂಪೇನ್ ಥರದ ದಪ್ಪ ಬಾಟಲಿಗೆ. ಜೊತೆಗೆ ಒಂದು ಸೋಡಾದ ಪ್ಲಾಸ್ಟಿಕ್ ಬಾಟಲಿಯನ್ನೂ ತುಂಬಿಡಿ, ಆಗಾಗ ಒತ್ತಿ ನೋಡಿ. ಕಲ್ಲಿನ ಹಾಗಾದರೆ ಒಳಗೆ ಏನು ನಡೀತಿದೆ ಅಂತ ಗೊತ್ತಾಗುತ್ತದೆ.

ಈಗಾಗಲೇ ಸಿಡಿಯೋಕೆ ಶುರುವಾಗಿದ್ದರೆ ಬರಿಗೈಯಲ್ಲಿ ಮುಟ್ಟಲೇಬೇಡಿ. ಮಕ್ಕಳನ್ನು ದೂರ ಇಡಿ. ದಪ್ಪ ಕಂಬಳಿ ಹೊದಿಸಿ, ಬೆಳಗಿನ ತಂಪಿನ ಹೊತ್ತಿಗೆ ಕಾಯಿರಿ. ಕಣ್ಣಿಗೆ ಸೇಫ್ಟಿ ಕನ್ನಡಕ, ಕೈಗೆ ಚರ್ಮದ ಗ್ಲೌಸ್, ಮೈಗೆ ದಪ್ಪ ಜಾಕೆಟ್ ಹಾಕಿಕೊಂಡು ಒಂದೊಂದೇ ಬಾಟಲಿಯನ್ನು ಐಸ್ ತುಂಬಿದ ಕೂಲರ್‌ಗೆ ಇಳಿಸಿ ಮುಚ್ಚಳ ಹಾಕಿ. ಪೂರ್ತಿ ತಣ್ಣಗಾದ ಮೇಲೆ ಟವೆಲ್ ಸುತ್ತಿ, ಕ್ಯಾಪ್ ಮೆಲ್ಲಗೆ ಎತ್ತಿ. ಕುಡಿಯೋ ಆಸೆ ಬಿಟ್ಟುಬಿಡಿ, ಮುಕ್ಕಾಲು ಭಾಗ ನೊರೆಯಾಗಿ ಹೋಗುತ್ತದೆ.

ಬೆಂಗಳೂರಿನ ಗೆಳೆಯರು "ಆ ಯೀಸ್ಟ್ ತಗೊಂಡು ಬಾ" ಅಂತ ಕೇಳುತ್ತಿರುತ್ತಾರೆ. ಇಲ್ಲಿ ಅಮೆರಿಕದಲ್ಲಿ 1978ರಲ್ಲೇ ಕೇಂದ್ರ ಸರ್ಕಾರ ಮನೆ ಬಿಯರ್‌ಗೆ ದಾರಿ ಬಿಟ್ಟಿತು. ಅಲ್ಲಿ ಕರ್ನಾಟಕದ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ತರಲ್ಲ ಕಣ್ರಪ್ಪ.

ಇನ್ನೊಂದು. ಈ ಯೀಸ್ಟ್ ಪ್ಲಾಸ್ಟಿಕ್ ಬಕೆಟ್‌ನ ಗೀರುಗಳಲ್ಲಿ, ಪೈಪಿನೊಳಗೆ ಕೂತುಬಿಟ್ಟರೆ ಮುಂದಿನ ಬಿಯರ್‌ಗೂ ಹೊಕ್ಕುತ್ತದೆ, ಅದು ಸೇಝಾನ್ ಆಗಿರಬೇಕಂತೇನಿಲ್ಲ. ಬಕೆಟ್ ಮೇಲೆ ಮಾರ್ಕರ್‌ನಲ್ಲಿ ಬರೆದು ಸೇಝಾನ್‌ಗೇ ಮೀಸಲಿಡಿ. ಪೈಪಿಗೆ ಕೆಲವೇ ಡಾಲರ್, ತೊಳೆಯುತ್ತಾ ಕೂರದೆ ಎಸೆದುಬಿಡಿ.